ಒಂದು ಬೊಟ್ಟಿನ ಕ್ಯಾಸೆಟ್ಟು

ಮನೆ ಖಾಲಿ ಮಾಡುವವರು ಹಳೇ ಸಾಮಾನು ಕೊಳ್ಳಲು ನನ್ನನ್ನು ಕರೆಸುತ್ತಾರೆ. ಟ್ರಂಕಿನ ಮುಚ್ಚಳ ಎತ್ತಿ, ‘ನೋಡಿ ಮೇಡಂ, ಒಳಗೆಲ್ಲಾ ಇಂಥದ್ದೇ’ ಅನ್ನುತ್ತಾರೆ. ಮೇಲಿರುವುದನ್ನು ನೋಡಿ ನಾನು ಮಾತು ಶುರುಮಾಡುವುದಿಲ್ಲ. ತಳದವರೆಗೂ ಕೈ ಹಾಕಿ ಒಂದೊಂದನ್ನೂ ತೆಗೆಸಿ ನೆಲದ ಮೇಲೆ ಸಾಲಾಗಿ ಇಡಿಸುತ್ತೇನೆ. ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದು ಮುಖ ಊದಿಸಿಕೊಂಡವರಿದ್ದಾರೆ. ಇಲ್ಲ ಎಂದು ಮುಖಕ್ಕೇ ಹೇಳುತ್ತೇನೆ. ನೀವೂ ಹಾಗೇ ಮಾಡಿ, ಯಾರ ಮುಲಾಜೂ ನೋಡಬೇಡಿ. ಈ ಬುದ್ಧಿ ನನಗೆ ಅಂಗಡಿ ಇಟ್ಟ ಮೇಲೆ ಬಂದದ್ದಲ್ಲ. ಹಿನಕಲ್ಲಿನ ಬಾಡಿಗೆ ಮನೆಯಲ್ಲಿ, ಹತ್ತು ವರ್ಷದವಳಾಗಿದ್ದಾಗ, ಟ್ರಂಕಿನ ಮೇಲಿದ್ದ ಒಂದೇ ಒಂದು ಸಾಮಾನು ನೋಡಿ ನಾನು ಕುದುರಿಸಿದ ವ್ಯಾಪಾರದಿಂದ ಬಂದದ್ದು. ಅವತ್ತಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಆ ಮನೆ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದೆ ಹಜಾರ, ನಡುವೆ ಮಲಗುವ ಕೋಣೆ, ಹಿಂದೆ ಅಡುಗೆಮನೆ. ಹಿತ್ತಲಿಗೆ ಹೋದರೆ ಹಿನಕಲ್ಲು ಇನ್ನೂ ಹಳ್ಳಿ, ಎಮ್ಮೆ ಕಟ್ಟಿದ್ದವು. ಮುಂಬಾಗಿಲಿಗೆ ಬಂದರೆ ಸೈಟಿನ ಕಲ್ಲು ನೆಟ್ಟ ಬಯಲು. ಅಪ್ಪಾಜಿ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ನೈಟ್ ಶಿಫ್ಟ್ ಮುಗಿಸಿ ಬಂದರೆ ಹಗಲೆಲ್ಲಾ ನಡುಕೋಣೆಯಲ್ಲಿ ಮಲಗುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ದೇವರಿಗಿಂತ ದೊಡ್ಡದು ಅಪ್ಪಾಜಿಯ ನಿದ್ದೆ. ಅಮ್ಮ ಕುಕ್ಕರ್ ಕೂಗುವ ಮೊದಲೇ ಸೌಟಿನ ತುದಿಯಿಂದ ಅದರ ವೆಯ್ಟ್ ಎತ್ತಿ ಬಿಡುತ್ತಿದ್ದಳು. ಒಗ್ಗರಣೆ ಸಿಡಿಯದ ಹಾಗೆ ತಟ್ಟೆ ಮುಚ್ಚುತ್ತಿದ್ದಳು. ನಾವಿಬ್ಬರು ಮಕ್ಕಳು, ನನಗಿಂತ ಏಳು ವರ್ಷ ದೊಡ್ಡವಳಾದ ಗಿರಿಜಕ್ಕ ಮತ್ತು ನಾನು, ಜಗಳವನ್ನೂ ಪಿಸುಮಾತಿನಲ್ಲೇ ಆಡುವುದನ್ನು ಕಲಿತಿದ್ದೆವು. ಜೋರಾಗಿ ಮಾತಾಡುವ ಹಕ್ಕು ಆ ಮನೆಯಲ್ಲಿ ಒಬ್ಬರಿಗೇ ಇತ್ತು, ಅವರು ಮಲಗಿರುತ್ತಿದ್ದರು.

ಕಾರ್ಖಾನೆಗೆ ಹೊಸ ಮೆಷಿನ್ ಕೂರಿಸಲು ಜಪಾನಿನಿಂದ ಎಂಜಿನಿಯರೊಬ್ಬರು ಬಂದು ನಾಲ್ಕು ತಿಂಗಳು ಇದ್ದರು. ಅಪ್ಪಾಜಿ ಅವರನ್ನು ಒಂದು ಭಾನುವಾರ ಊಟಕ್ಕೆ ಕರೆತಂದರು. ಅಮ್ಮ ಮಾಡಿದ ಒತ್ತುಶಾವಿಗೆ, ಕಾಯಿಹಾಲನ್ನು ಅವರು ಎರಡು ಸಲ ಹಾಕಿಸಿಕೊಂಡರು. ಪಿಯುಸಿ ಓದುತ್ತಿದ್ದ ಅಕ್ಕ ತನಗೆ ಬರುವ ಇಂಗ್ಲಿಷಿನಲ್ಲಿ ಅವರನ್ನು ಮಾತಾಡಿಸಿದಳು. ನೀರು, ಅನ್ನ, ಅಮ್ಮ, ಇವಕ್ಕೆಲ್ಲಾ ಅವರ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಕೈಮೇಲೆ ಬರೆದುಕೊಂಡಳು. ನನಗೆ ಅಷ್ಟೇ ಸಾಕಾಯಿತು: ಅಕ್ಕನಿಗೆ ಆ ಭಾಷೆ ಬರುತ್ತದೆ ಎಂದು ನಂಬಿಬಿಟ್ಟೆ. ಊರಿಗೆ ವಾಪಸು ಹೊರಟಾಗ ಅವರು, ಇಲ್ಲಿ ಬೇಜಾರು ಕಳೆಯಲು ತಂದಿದ್ದ ಏಳು ವಿಡಿಯೋ ಕ್ಯಾಸೆಟ್ಟುಗಳನ್ನು ಅಕ್ಕನಿಗೆ ಕೊಟ್ಟು ಹೋದರು. ಅಲ್ಲಿನ ಟೀವಿಯಲ್ಲಿ ಬಂದಿದ್ದ ಬೊಂಬೆ ಸೀರಿಯಲ್ಲನ್ನು ತಾವೇ ರೆಕಾರ್ಡ್ ಮಾಡಿಕೊಂಡದ್ದು. ಅದರ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡದಿರಲಿ ಎಂದು ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿರುವ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದರು. ಹಾಗೆ ಮುರಿದರೆ ಅದು ಬರೀ ಹಾಡುತ್ತದೆ, ಹೊಸದನ್ನು ಹಿಡಿದುಕೊಳ್ಳುವುದಿಲ್ಲ.

ಅಪ್ಪಾಜಿ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ ವಿಡಿಯೋ ಡೆಕ್ಕಿಗೂ ನಮ್ಮ ಕಪ್ಪು ಬಿಳುಪು ಟೀವಿಗೂ ಆ ದೇಶದ ಕ್ಯಾಸೆಟ್ಟು ಸರಿಯಾಗಿ ಒಗ್ಗುತ್ತಿರಲಿಲ್ಲ. ಚಿತ್ರ ಮೇಲುಮೇಲಕ್ಕೆ ಉರುಳುತ್ತಿತ್ತು. ಟೀವಿಯ ಹಿಂದಿನ ಒಂದು ತಿರುಪನ್ನು ಬೆರಳಿನಿಂದ ಒತ್ತಿ ಹಿಡಿದರೆ ನಿಲ್ಲುತ್ತಿತ್ತು. ಆ ಕೆಲಸ ನನ್ನದು. ಇಡೀ ಕಥೆಯನ್ನು ನಾನು ಪಕ್ಕದಿಂದ, ಓರೆಯಾಗಿ ಕತ್ತು ಚಾಚಿ ನೋಡಿದ್ದೇನೆ. ಸದ್ದು ಪೂರ್ತಿ ಬಂದ್, ಅಪ್ಪಾಜಿ ಮಲಗಿರುತ್ತಿದ್ದರಲ್ಲ. ಆ ಮೂಕ ಚಿತ್ರಕ್ಕೆ ಅಕ್ಕ ಪಿಸುದನಿಯಲ್ಲಿ ಮಾತು ಕೊಡುತ್ತಿದ್ದಳು.

ಕಥೆ ಘೋರವಾದದ್ದು. ಊರಿಗೆ ನೀರು ಬಿಡಿಸಲು ಒಬ್ಬ ಹುಡುಗಿ ಬೆಟ್ಟದ ರಾಜನಿಗೆ ತನ್ನ ನೆರಳನ್ನು ಕೊಟ್ಟುಬಿಡುತ್ತಾಳೆ. ನೆರಳಿಲ್ಲದವಳನ್ನು ಜನ ಒಬ್ಬೊಬ್ಬರಾಗಿ ಮರೆಯುತ್ತಾರೆ. ಹೆತ್ತ ತಾಯಿಯೇ ಬಾಗಿಲು ತೆಗೆದು ‘ಯಾರಮ್ಮ ನೀನು?’ ಅನ್ನುತ್ತಾಳೆ. ನೆರಳು ವಾಪಸು ಕೇಳಲು ಅವಳು ಬೆಟ್ಟ ಹತ್ತುತ್ತಾಳೆ. ಜೊತೆಗೆ ಬಂದವರು ಪ್ರತಿ ಕ್ಯಾಸೆಟ್ಟಿಗೆ ಒಬ್ಬರಂತೆ ಸಾಯುತ್ತಾರೆ. ಅಕ್ಕ ಆ ಹುಡುಗಿಗೆ ಚೆಲುವಿ ಎಂದು ಹೆಸರಿಟ್ಟಳು, ರಾಜನಿಗೆ ಗವಿರಾಯ ಎಂದು. ಗವಿರಾಯ ಥೇಟು ಅಪ್ಪಾಜಿಯ ಹಾಗೆ ಮಾತಾಡುತ್ತಿದ್ದ.

“ಏನು, ನೆರಳು ಬೇಕಾ? ನಿಂಗ್ಯಾಕಮ್ಮ ನೆರಳು? ಹೆಣ್ಣುಮಗು, ಬಿಸಿಲಿಗೆ ಹೋಗ್ಬೇಡ, ಮನೇಲಿರು, ಅಷ್ಟೇಯ!”

ನಾನು ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಹುರುಳಿಕಾಯಿ ಮುರಿಯುತ್ತಾ ಕೂತ ಅಮ್ಮನೂ ಕೇಳುತ್ತಿದ್ದಳು.

“ಅಯ್ಯೋ, ಆ ಕುದುರೇನೂ ಸಾಯಿಸ್ಬುಟ್ರಾ ಗಿರಿಜಾ? ಪಾಪ, ಅದೇನು ಮಾಡಿತ್ತು!”

“ನಂಬಿತ್ತು ಕಣಮ್ಮ” ಅಂದಳು ಅಕ್ಕ.

ವ್ಯಾಪಾರ ಎಂದು ನಾನು ಮೊದಲು ಮಾಡಿದ್ದು ಈ ಕ್ಯಾಸೆಟ್ಟುಗಳ ಸಲುವಾಗಿ. ಅಪ್ಪಾಜಿಯ ಯೂನಿಫಾರಂ ಒಗೆದು ಹಾಕಿದರೆ ಅರ್ಧ ಗಂಟೆ, ನಲ್ಲಿಯಲ್ಲಿ ನೀರು ಬಂದ ದಿನ ಎಲ್ಲಾ ಕೊಡ ತುಂಬಿಸಿದರೆ ಒಂದು ಗಂಟೆ, ಹೀಗೆ ಅಮ್ಮನ ಹತ್ತಿರ ಚೌಕಾಸಿ ಮಾಡಿ ಅಕ್ಕನಿಗೂ ನನಗೂ ಭಾನುವಾರದ ಮಧ್ಯಾಹ್ನಗಳನ್ನು ಗಳಿಸಿದ್ದೆ. ಅಕ್ಕನಿಗೆ ಚೌಕಾಸಿ ಬರುತ್ತಿರಲಿಲ್ಲ. ಅವಳು ಕೇಳುತ್ತಿದ್ದಳು, ಕೊಡದಿದ್ದರೆ ಸುಮ್ಮನಾಗುತ್ತಿದ್ದಳು. ಕೇಳಿ ಸುಮ್ಮನಾಗುವವರಿಗೆ ಈ ಊರಿನಲ್ಲಿ ಯಾರೂ ಏನೂ ಕೊಡುವುದಿಲ್ಲ, ಬರೆದಿಟ್ಟುಕೊಳ್ಳಿ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಅಪ್ಪಾಜಿಯ ಸ್ಪ್ಯಾನರಿನಿಂದ ಅಮ್ಮನ ಈಳಿಗೆಮಣೆಯವರೆಗೆ ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕುಂಕುಮದ ಬೊಟ್ಟು ಇಡುತ್ತಿದ್ದೆವು. ಆ ವರ್ಷ ಅಕ್ಕ ಕ್ಯಾಸೆಟ್ಟುಗಳಿಗೂ ಇಟ್ಟಳು. ಮೇಲಿನ ಚೀಟಿಯಲ್ಲಿದ್ದ ಬರಹ ಓದಲು ಬಾರದ ನನಗೆ ಗೊತ್ತಾಗಲಿ ಎಂದು ಮೊದಲನೆಯದರ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಒಂದನೆಯದು ಮೇಲೆ, ಏಳನೆಯದು ತಳದಲ್ಲಿ, ಟ್ರಂಕಿನೊಳಗೆ ಅವಳ ಪುಸ್ತಕಗಳ ಪಕ್ಕ. ಸಂಕ್ರಾಂತಿಯ ಹೊತ್ತಿಗೆ ಆರು ಮುಗಿದಿದ್ದವು. ಏಳನೆಯದನ್ನು ಅವಳು ಮುಟ್ಟಗೊಡಲಿಲ್ಲ.

“ಇದು ಪರೀಕ್ಷೆ ಮುಗಿದ ಮೇಲೆ ಕಣೇ ಪುಟ್ಟಿ. ಕೊನೇ ಪೇಪರ್ ಬರೆದು ಬಂದು, ಕಾಲು ತೊಳ್ಕೊಂಡು, ಆಮೇಲೆ ನೋಡೋದು. ಜುಲೈಗೆ ಡಿಗ್ರಿ ಕಾಲೇಜು. ಚೆಲುವಿಗೂ ನಂಗೂ ಒಟ್ಟಿಗೇ ಆಗೋಗ್ಲಿ.”

ಅಪ್ಪಾಜಿಯೂ ಅವಳಿಗೆ ಮಾತು ಕೊಟ್ಟಿದ್ದರು. ನಾನೇ ಕೇಳಿಸಿಕೊಂಡಿದ್ದೆ: “ಪರೀಕ್ಷೆ ಮುಗಿಯೋಗಂಟ ಗಂಡು ಗಿಂಡು ಅಂತ ಈ ಮನೇಲಿ ಮಾತೇ ಇಲ್ಲ ಕಣಮ್ಮ. ನೀನು ಓದ್ಕೊ.” ಶಿವರಾತ್ರಿ ಕಳೆಯುತ್ತಲೇ ಅವರ ತಂಗಿ ರಾಜಮ್ಮತ್ತೆ ಕಡಕೊಳದ ಕಡೆಯ ಒಂದು ಸಂಬಂಧ ಹಿಡಿದು ಬಂದರು. ಹುಡುಗನಿಗೆ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ, ಒಳ್ಳೆಯ ಮನೆತನ, ಮಠದ ಕಡೆಯಿಂದ ಪರಿಚಯ. ಎರಡು ವಾರದಲ್ಲಿ ನಿಶ್ಚಿತಾರ್ಥ ಎಂದಾಯಿತು, ಪರೀಕ್ಷೆಗೆ ಇನ್ನೂ ಇಪ್ಪತ್ತು ದಿನ ಇರುವಾಗಲೇ. ಅಕ್ಕ ಅಡುಗೆಮನೆಗೆ ಬಂದು, ಮೆಲ್ಲಗೆ, ಆದರೂ ಎಲ್ಲರಿಗೂ ಕೇಳಿಸುವ ಹಾಗೆ, ಒಂದೇ ಸಲ ಕೇಳಿದಳು.

“ಅಪ್ಪಾಜಿ, ಪರೀಕ್ಷೆ ಆಗ್ಲಿ ಅಂದಿದ್ರಿ.”

“ಇದು ಮದುವೆ ಅಲ್ವಲ್ಲ ತಾಯಿ, ಬರೀ ನಿಶ್ಚಿತಾರ್ಥ. ಒಳ್ಳೆ ಜನ, ಬುಟ್ರೆ ಸಿಗಲ್ಲ” ಅಂದರು ಅಪ್ಪಾಜಿ. ಅವಳು ಸುಮ್ಮನಾದಳು.

ಅವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ನೆಲೆ ಸಿಗುತ್ತಿತ್ತು. ಅಪ್ಪಾಜಿ ಅವತ್ತು ಅಕ್ಕನ ತಲೆ ಸವರಿದರು, ಅವಳಿಗಿಷ್ಟದ ಮೈಸೂರು ಪಾಕು ತಂದರು. ಪ್ರೀತಿಯಿಂದ ಮಾತು ಮುರಿದರು. ಪ್ರೀತಿಯಿಂದ ಮುರಿದವರ ಎದುರು ಕೂಗಾಡುವುದು ಹೇಗೆಂದು ನಮಗೆ ಯಾರೂ ಕಲಿಸಿರಲಿಲ್ಲ.

ನಿಶ್ಚಿತಾರ್ಥದ ಹಿಂದಿನ ದಿನ ಅಮ್ಮ ಇಡೀ ಮನೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿದಳು. ಟ್ರಂಕನ್ನೂ ತೆಗೆದು, ಕ್ಯಾಸೆಟ್ಟುಗಳನ್ನೂ ಒಂದೊಂದಾಗಿ ಒರೆಸಿದಳು. ವಿಭೂತಿ ಹೋಯಿತು, ಬೊಟ್ಟುಗಳೂ ಹೋದವು. ಶುಭಕಾರ್ಯದ ಮನೆಯಲ್ಲಿ ಪೂಜೆಗಿಟ್ಟಿದ್ದ ವಸ್ತು ಬೋಳಾಗಿರಬಾರದಲ್ಲ, ಎಲ್ಲಕ್ಕೂ ಹೊಸದಾಗಿ ವಿಭೂತಿ ಎಳೆದು ಒಂದೊಂದು ಬೊಟ್ಟು ಇಟ್ಟಳು. ಬೊಟ್ಟು ಲೆಕ್ಕದ್ದು ಎಂದು ಅವಳಿಗೆ ಹೇಗೆ ಗೊತ್ತಿರಬೇಕು? ಒರೆಸಿದ್ದನ್ನು ಒಂದರ ಮೇಲೊಂದು ಇಡುತ್ತಾ ಹೋದಳು. ಮೇಲಿದ್ದದ್ದು ಕೆಳಗಾಯಿತು, ತಳದ ಏಳನೆಯದು ಎಲ್ಲಕ್ಕಿಂತ ಮೇಲೆ ಬಂತು. ಒಂದು ಬೊಟ್ಟು ಇಟ್ಟುಕೊಂಡು.

ಮಾರನೆಯ ದಿನ ಭುಜದ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು ವಿಡಿಯೋದವನು ಬಂದ. ಗಂಡಿನ ಕಡೆಯವರು ಎರಡು ವ್ಯಾನಿನ ತುಂಬ ಬಂದಿಳಿದರು. ವಿಡಿಯೋದವನು ತಂದಿದ್ದ ಒಂದೇ ಕ್ಯಾಸೆಟ್ಟು ಆಶೀರ್ವಾದದ ಸಾಲಿಗೇ ಮುಗಿಯುವ ಹಾಗಾಯಿತು. ಉಂಗುರ ತೊಡಿಸುವುದು ಇನ್ನೂ ಬಾಕಿ.

“ಮನೇಲಿ ಯಾವ್ದಾದ್ರೂ ಹಳೇ ಕ್ಯಾಸೆಟ್ ಇದ್ರೆ ಕೊಡ್ರೀ, ಅಂಗಡಿಗೆ ಹೋಗಿ ಬರೋ ಅಷ್ಟ್ರಲ್ಲಿ ಮುಹೂರ್ತ ಮುಗಿದೋಗುತ್ತೆ” ಎಂದು ಅವನು ಬಾಗಿಲಲ್ಲಿ ನಿಂತು ಕೂಗಿದ. ರಾಜಮ್ಮತ್ತೆ ನನ್ನ ಕಡೆ ತಿರುಗಿದರು. ನನಗೆ ಅಂತಹ ಅವಕಾಶ ಅವತ್ತಿನವರೆಗೆ ಬಂದಿರಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡೆ.

“ಕೊಡ್ತೀನಿ. ನನ್ನ ಮುಖ ತೆಗೀಬೇಕು. ಹತ್ತು ಎಣಿಸೋಗಂಟ.”

“ಐದು” ಅಂದ ವಿಡಿಯೋದವನು ನಗುತ್ತಾ.

“ಹಂಗಾದ್ರೆ ಕ್ಯಾಸೆಟ್ ಇಲ್ಲ.”

“ಆಯ್ತು ತಾಯಿ, ಹತ್ತು. ಓಡು.”

ಓಡಿದೆ. ಟ್ರಂಕಿನ ಮುಚ್ಚಳ ಎತ್ತಿದೆ. ಮೇಲೆ ಒಂದು ಬೊಟ್ಟಿನದಿತ್ತು. ಒಂದನೆಯದು ಯಾವಾಗಲೂ ಮೇಲೇ ಇರುತ್ತಿತ್ತು, ಅದನ್ನು ನಾಲ್ಕು ಸಲ ನೋಡಿಯಾಗಿತ್ತು, ಹೋದರೆ ಹೋಗಲಿ. ಅದರ ಕೆಳಗಿನದನ್ನು ಒಂದು ಚೂರು ಸರಿಸಿ ನೋಡಿದ್ದರೆ ಅಲ್ಲೂ ಒಂದೇ ಬೊಟ್ಟು ಕಾಣುತ್ತಿತ್ತು. ನೋಡಲಿಲ್ಲ. ಕ್ಯಾಸೆಟ್ಟು ತಂದುಕೊಟ್ಟೆ. ಅವನು ತಿರುಗಿಸಿ ನೋಡಿ, “ಇದ್ರ ಮೂಲೆ ಮುರಿದವ್ರೆ, ಹಿಡಿಯಲ್ಲ ಇದು” ಅಂದ. ನಾನು ಫಿಟ್ಟರಿನ ಮಗಳು. ಅಪ್ಪಾಜಿಯ ಡಬ್ಬಿಯಿಂದ ಕರೆಂಟಿನವರ ಕಪ್ಪು ಟೇಪು ತಂದು, ಹಲ್ಲಿನಲ್ಲಿ ಕಚ್ಚಿ ಹರಿದು, ಆ ತೂತಿಗೆ ನಾನೇ ಅಂಟಿಸಿದೆ. ಒಬ್ಬರು ಪರದೇಶದಲ್ಲಿ ಕೂತು, ಅಳಿಯದಿರಲಿ ಎಂದು ಮುರಿದಿಟ್ಟದ್ದನ್ನು ನನ್ನ ಕೈಯಾರೆ ಮುಚ್ಚಿದೆ. ಅವನು ‘ಭೇಷ್’ ಅಂದ. ಹತ್ತು ಎಣಿಸುವವರೆಗೆ ನನ್ನ ಮುಖ ತೆಗೆದ. ಆ ಕ್ಯಾಸೆಟ್ಟು ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅದರಲ್ಲಿ ಹತ್ತು ವರ್ಷದ ಒಬ್ಬಳು ಹಲ್ಲು ಬಿಟ್ಟುಕೊಂಡು ನಿಂತಿದ್ದಾಳೆ. ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನಿಸುತ್ತದೆ.

ಸಂಜೆ ನೆಂಟರೆಲ್ಲಾ ಹೋದ ಮೇಲೆ ಅಕ್ಕ ಸೀರೆ ಬದಲಾಯಿಸಿ, ಓದಲೆಂದು ಟ್ರಂಕಿನಿಂದ ಪುಸ್ತಕ ತೆಗೆಯಲು ಹೋದಳು.

“ಪುಟ್ಟಿ, ಇಲ್ಲಿ ಆರೇ ಇದಾವೆ.”

“ಒಂದನೇದು ವಿಡಿಯೋದವ್ರಿಗೆ ಕೊಟ್ಟೆ ಅಕ್ಕ. ಅದನ್ನ ನೋಡಿದೀವಲ್ಲ.”

ಅವಳು ಕ್ಯಾಸೆಟ್ಟುಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಆ ಬರಹ ಓದಲು ಬಾರದಿದ್ದರೂ ಅದರ ಆಕಾರಗಳನ್ನು ಅವಳು ನೋಟ್‌ಬುಕ್ಕಿನ ಹಿಂದೆ ತಿದ್ದಿ ತಿದ್ದಿ ಗುರುತು ಹಿಡಿದಿದ್ದಳು.

“ಒಂದನೇದು ಇಲ್ಲೇ ಇದೆ ಕಣೇ” ಅಂದಳು. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಟ್ರಂಕಿನ ಪಕ್ಕ ನೆಲದ ಮೇಲೆ ಕೂತು ಸದ್ದಿಲ್ಲದೆ ಅತ್ತಳು. ಅಪ್ಪಾಜಿ ಬಂದು ನೋಡಿ, ಮನೆಬಿಟ್ಟು ಹೋಗುವ ಸಂಕಟ ಎಂದುಕೊಂಡರು. ನಾನು ವಿಷಯ ಹೇಳಿದಾಗ ಅವರಿಗೆ ನಿರಾಳವಾಯಿತು.

“ಓ, ಬೊಂಬೆ ಪಿಚ್ಚರ್ರಾ! ನಾನೇನೋ ಅಂದ್ಕೊಂಡೆ. ಅದಕ್ಕೆಲ್ಲಾ ಅಳ್ತಾರೇನಮ್ಮ?”

ಹದಿನೈದು ದಿನಕ್ಕೆ, ಪರೀಕ್ಷೆ ಶುರುವಾಗುವ ಮೊದಲೇ, ವಿಡಿಯೋ ಬಂತು. ಭಾನುವಾರ ಮಧ್ಯಾಹ್ನ ಬೀಗರನ್ನೂ ಕರೆದು ಹಜಾರದಲ್ಲಿ ಕೂರಿಸಿದರು. ಆ ದಿನ ಅಪ್ಪಾಜಿ ಮಲಗಿರಲಿಲ್ಲ, ಟೀವಿಯ ಸದ್ದು ಪೂರ್ತಿ ಇತ್ತು. ವಾಲಗ, ಆಶೀರ್ವಾದ, ಎರಡನೆಯ ಕ್ಯಾಸೆಟ್ಟಿನಲ್ಲಿ ಉಂಗುರ, ನನ್ನ ಹಲ್ಲು, ಊಟದ ಸಾಲು. ಆಮೇಲೆ ಇರುವೆ ಮುತ್ತಿದ ಹಾಗೆ ಪರದೆ ಚುಕ್ಕೆಚುಕ್ಕೆಯಾಯಿತು. ಅಪ್ಪಾಜಿ ಆರಿಸಲು ಏಳುವಷ್ಟರಲ್ಲಿ ಚಿತ್ರ ಉರುಳುತ್ತಾ ಬಂತು. ನಾನು ಅಭ್ಯಾಸಬಲದಿಂದ ಓಡಿ ಟೀವಿಯ ಹಿಂದಿನ ತಿರುಪು ಒತ್ತಿ ಹಿಡಿದೆ. ಚೆಲುವಿ ನಿಂತಿದ್ದಳು. ಗವಿರಾಯನ ಎದುರು. ನಮ್ಮ ನಿಶ್ಚಿತಾರ್ಥ ನುಂಗಿ ಉಳಿಸಿದ ಕೊನೆಯ ಕೆಲವು ನಿಮಿಷ. ಅವಳ ಬಾಯಿಂದ ನಿಜವಾದ ದನಿ ಬಂತು. ಅಷ್ಟು ತಿಂಗಳಲ್ಲಿ ನಾನು ಅದನ್ನು ಮೊದಲ ಸಲ ಕೇಳಿದ್ದು: ಒರಟು ದನಿ, ಗಂಟಲು ಕಟ್ಟಿದಂತಹ ದನಿ, ನಮ್ಮಕ್ಕನ ದನಿಯಲ್ಲ.

“ಇದೇನವ್ವ ಇದು, ಬೊಂಬೆ ಬಂತು! ಏನಂತಾಳವ್ವ ಅವ್ಳು?” ಎಂದು ಗಂಡಿನ ತಾಯಿ ನಕ್ಕರು.

“ನಮ್ ಗಿರಿಜಂಗೆ ಎಲ್ಲಾ ಗೊತ್ತು. ಹೇಳಮ್ಮ” ಅಂದರು ಅಪ್ಪಾಜಿ ಹೆಮ್ಮೆಯಿಂದ.

ಅಕ್ಕ ಪರದೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಕಾಫಿ ತಟ್ಟೆ ನೋಡಿದಳು.

“ನಂಗೆ ಆ ಭಾಷೆ ಬರಲ್ಲ ಅಪ್ಪಾಜಿ” ಎಂದು ಹೇಳಿ ಅಡುಗೆಮನೆಯ ಕಡೆ ನಡೆದಳು.

ನನ್ನ ಬೆರಳು ತಿರುಪಿನ ಮೇಲಿತ್ತು. ಅಷ್ಟೂ ಮಾತು ಅವಳದೇ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಈಗ ಅವಳು ಅದನ್ನೂ ಬಿಟ್ಟುಕೊಟ್ಟು ಹೋಗುತ್ತಿದ್ದಾಳೆ. ಟೀವಿಯ ಹಿಂದಿನಿಂದಲೇ ಕಿರುಚಿದೆ.

“ನಂಗೊತ್ತು! ನಾನು ಹೇಳ್ತೀನಿ! ನಾನು ಬರಲ್ಲ ಅಂತಾಳೆ! ಮಾತು ಕೊಟ್ಟಿದ್ರಿ, ತಪ್ಪಿದ್ರಿ ಅಂತಾಳೆ! ಪರೀಕ್ಷೆ ಬರೆದೇ ಬರೀತೀನಿ ಅಂತಾಳೆ!”

ರಾಜಮ್ಮತ್ತೆ ನನ್ನ ತೋಳು ಹಿಂಡಿದರು. ಅಪ್ಪಾಜಿಯ ಮುಖ ಕೆಂಪಾಗಿತ್ತು. ಗಂಡಿನ ತಾಯಿ ಮಾತ್ರ ನನ್ನನ್ನೇ ನೋಡಿ ಜೋರಾಗಿ ನಕ್ಕುಬಿಟ್ಟರು.

“ಎಲಾ ಇವ್ಳ! ಅಕ್ಕನ ವಕೀಲಮ್ಮ! ಬರ್ಕೊಳ್ಲಿ ಬುಡವ್ವ, ಯಾರು ಬ್ಯಾಡ ಅಂದೋರು? ಪರೀಕ್ಷೆ ಮುಗಿಸ್ಕಂಡೇ ಬರ್ಲಿ.”

ಎಲ್ಲರೂ ನಕ್ಕರು. ನಾನು ಗೆದ್ದೆ ಎಂದುಕೊಂಡೆ. ಬಾಯಿ ಮುಚ್ಚಿದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಪರದೆಯ ಮೇಲೆ ಚೆಲುವಿ ಇನ್ನೂ ಮಾತಾಡುತ್ತಲೇ ಇದ್ದಳು. ಆಮೇಲೆ ಟೇಪು ಮುಗಿದು ಟಕ್ಕೆಂದು ನಿಂತಿತು.

ಅಕ್ಕ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಫಲಿತಾಂಶ ಬಂದಾಗ ಅವಳು ಕಡಕೊಳದಲ್ಲಿ ಮದುಮಗಳು. ಜುಲೈ ಬಂತು, ಕಾಲೇಜಿನ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತು ಹಜಾರದಲ್ಲಿ ಅದನ್ನು ಯಾರೂ ಕೇಳಿರಲಿಲ್ಲವಲ್ಲ. ವ್ಯಾಪಾರಕ್ಕೆ ಇಳಿದ ಎಲ್ಲಾ ಹೆಣ್ಣುಮಕ್ಕಳಿಗೂ ನಾನು ಹೇಳುವುದು ಇದನ್ನೇ: ಎದುರಿನವರು ನಗುತ್ತಾ ಅಷ್ಟು ಬೇಗ ಒಪ್ಪಿದರೆ, ನೀವು ಕೇಳಿದ್ದು ಕಮ್ಮಿಯಾಯಿತು ಎಂದು ತಿಳಿಯಿರಿ. ಅಲ್ಲೇ ನಿಂತು ಇನ್ನೊಂದು ಕೇಳಿ. ಎಷ್ಟೋ ವರ್ಷದ ಮೇಲೆ ಅಕ್ಕನೇ ಒಂದು ದಿನ ಅವರೆಕಾಯಿ ಸುಲಿಯುತ್ತಾ, ಯಾವ ಕಹಿಯೂ ಇಲ್ಲದೆ ಹೇಳಿದಳು: “ನೀನು ಅವತ್ತು ಇನ್ನೊಂದು ಮಾತು ಅಂದಿದ್ರೆ ಅದಕ್ಕೂ ಹೂಂ ಅಂತಿದ್ರು ಕಣೇ ನಮ್ಮತ್ತೆ. ಅವತ್ತು ತುಂಬ ಖುಷಿಯಾಗಿದ್ರು.” ನಾನು ಎದ್ದು ಹಿತ್ತಲಿಗೆ ಹೋಗಿ, ಅವರ ಮನೆಯ ಒಗೆಯುವ ಕಲ್ಲಿಗೆ ಕಾಲಿನಿಂದ ಒದ್ದೆ. ಹೆಬ್ಬೆರಳ ಉಗುರು ಹೋಯಿತು.

ಡಿವಿಡಿಗಳ ಕಾಲ ಬಂದ ಮೇಲೆ, ಹಾಸ್ಟೆಲು ಖಾಲಿ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಪೆಟ್ಟಿಗೆಯನ್ನು ತಳದವರೆಗೂ ಶೋಧಿಸುವಾಗ ಚೆಲುವಿಯ ಮುಖ ಸಿಕ್ಕಿತು. ಇಡೀ ಸೀರಿಯಲ್ಲು, ಬಣ್ಣದಲ್ಲಿ, ಕೆಳಗೆ ಇಂಗ್ಲಿಷ್ ಸಾಲುಗಳ ಸಮೇತ. ಆ ಒಂದು ಸಲ ನಾನು ಚೌಕಾಸಿ ಮಾಡಲಿಲ್ಲ. ನೇರ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಮಕ್ಕಳು ಸ್ಕೂಲಿಗೆ, ಭಾವ ಕೆಲಸಕ್ಕೆ ಹೋಗಿದ್ದರು. ಅವಳ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು.

“ಕೊನೇದನ್ನ ಹಾಕು” ಅಂದಳು ಅಕ್ಕ.

ಹಾಕಿದೆ. ಚೆಲುವಿ ಗವಿರಾಯನ ಎದುರು ಬಂದು ನಿಂತಳು. ಅವಳ ಲಂಗ ಕೆಂಪು ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ರಿಮೋಟ್ ತೆಗೆದುಕೊಂಡು ಸದ್ದು ಬಂದ್ ಮಾಡಿದಳು. ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ, ಇಂಗ್ಲಿಷ್ ಸಾಲುಗಳು ಕಾಣದ ಹಾಗೆ ಟೀವಿಯ ಕೆಳಭಾಗಕ್ಕೆ ಒರಗಿಸಿಟ್ಟಳು. ಬಂದು ನನ್ನ ಪಕ್ಕ ಕೂತಳು.

“ಅವತ್ತು ನೀನು, ಪರೀಕ್ಷೆ ಬರೀತೀನಿ ಅಂತಾಳೆ ಅಂತ ಹೇಳಿ ನಿಲ್ಲಿಸಿದೆ. ಅಲ್ಲಿಂದ ಹೇಳು.”

ಇಡೀ ಊರಿನ ಜೊತೆ ಮಾತಾಡಿ ಅನ್ನ ಸಂಪಾದಿಸುವವಳು ನಾನು. ಆದರೂ ಬಾಯಿಂದ ಬಂದದ್ದು ಹಳೇ ಪಿಸುಮಾತೇ. ಹಲ್ಲು ಕಚ್ಚಿಕೊಂಡೇ ಹೇಳಿದೆ.

“ಕಾಲೇಜಿಗೂ ಹೋಗ್ತೀನಿ ಅಂತಾಳೆ.”

“ಜೋರಾಗಿ ಹೇಳು ಪುಟ್ಟಿ” ಅಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ. “ಈ ಮನೇಲಿ ಯಾರೂ ಮಲಗಿಲ್ಲ.”